ಪ್ರತಿ ಜೀವಕೋಶದ ವಿಳಾಸ ಡಿಎನ್‌ಎಯಲ್ಲಿ ಬರೆದಿದೆಯೇ? ಹಣ್ಣಿನ ನೊಣದ ಭ್ರೂಣ ಹೇಳುವುದೇನು?

ಡಿಎನ್‌ಎ ಎಂದರೆ ದೇಹದ ನೀಲನಕ್ಷೆ, ಯಾವ ಜೀವಕೋಶ ಎಲ್ಲಿರಬೇಕು ಎಂಬುದು ಅದರಲ್ಲಿ ಮೊದಲೇ ಬರೆದಿರುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ. ದೇಹದ ಬಹುತೇಕ ಎಲ್ಲ ಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ. ಎಲ್ಲರ ಕೈಯಲ್ಲೂ ಒಂದೇ ಪುಸ್ತಕವಿದ್ದರೆ, ತಾನು ಎಲ್ಲಿಗೆ ಹೋಗಬೇಕು ಎಂದು ಒಂದು ಕೋಶಕ್ಕೆ ತಿಳಿಯುವುದು ಹೇಗೆ?

ಇದಕ್ಕೆ ಒಂದು ಸ್ಪಷ್ಟ ಉತ್ತರ ಸಿಕ್ಕಿರುವುದು ಕಳಿತ ಬಾಳೆಹಣ್ಣಿನ ಮೇಲೆ ಹಾರಾಡುವ ಡ್ರೊಸೊಫಿಲಾ ಎಂಬ ಪುಟ್ಟ ನೊಣದಲ್ಲಿ.

ಯಾವ ಅಂಗದ ಕಥೆ ಇದು?

ಈ ನೊಣದ ಮೊಟ್ಟೆಯ ಉದ್ದ ಸುಮಾರು ಅರ್ಧ ಮಿಲಿಮೀಟರ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ದಿನದಲ್ಲಿ ಅದರಿಂದ ಲಾರ್ವಾ, ಅಂದರೆ ಮರಿಹುಳು, ಹೊರಬರುತ್ತದೆ. ಅಷ್ಟರೊಳಗೆ ಅದರ ಚರ್ಮದ ಕೆಳಗೆ ಕಾರ್ಡೊಟೋನಲ್ ಎಂಬ ಸಂವೇದನಾಂಗಗಳು ಸಿದ್ಧವಾಗಿರುತ್ತವೆ. ದೇಹದ ಎಳೆತ ಮತ್ತು ಕಂಪನವನ್ನು ಗುರುತಿಸುವುದು ಇವುಗಳ ಕೆಲಸ.

ಒಂದು ಕಡೆ ಪಯಣ, ಇನ್ನೊಂದು ಕಡೆ ನಿಲುಗಡೆ

ಹುಳುವಿನ ದೇಹದಲ್ಲಿ ಎದೆ ಮತ್ತು ಉದರದ ಭಾಗಗಳು ಖಂಡಖಂಡವಾಗಿರುತ್ತವೆ. ಉದರದ ಖಂಡಗಳಲ್ಲಿ ಐದು ಘಟಕಗಳ ಒಂದು ಗುಂಪು ಬೆನ್ನಿನ ಕಡೆಯಿಂದ ಕೆಳಕ್ಕೆ ಸರಿದು ದೇಹದ ಪಕ್ಕದಲ್ಲಿ ನೆಲೆಯೂರುತ್ತದೆ. ಎದೆಯ ಖಂಡಗಳಲ್ಲಿರುವ ಇದೇ ಬಗೆಯ ಅಂಗ ಹಾಗೆ ಇಳಿಯುವುದಿಲ್ಲ, ಮೇಲೆಯೇ ಉಳಿಯುತ್ತದೆ. ಏಕೆ?

ತಡೆಯುವುದು ಯಾರು?

ರೇಚಲ್ ಕ್ರೌಟ್ ಮತ್ತು ಕೈ ಜಿನ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಇಲ್ಲಿ ಎರಡು ಪ್ರೋಟೀನ್‌ಗಳ ಪಾತ್ರವಿದೆ. ಸ್ಲಿಟ್ ಎಂಬುದು ಕೋಶದಿಂದ ಹೊರಬರುವ ಸಂಕೇತ. ಅದು ಸಾಮಾನ್ಯವಾಗಿ 'ಇತ್ತ ಬರಬೇಡ' ಎಂದು ಹೇಳುತ್ತದೆ. ಆ ಸಂಕೇತವನ್ನು ಹಿಡಿಯುವ ಗ್ರಾಹಕಗಳ ಹೆಸರು ರೋಬೊ.

ಎದೆ ಭಾಗದಲ್ಲಿ, ಮುಂದೆ ಕರುಳಿನ ಸ್ನಾಯುವಾಗಲಿರುವ ಅಂಗಾಂಶದ ಮೇಲೆ ರೋಬೊ2 ಇರುತ್ತದೆ. ಅದು ಸ್ಲಿಟ್ ಅನ್ನು ಹಿಡಿದು ಪಕ್ಕದ ಸಂವೇದನಾ ಕೋಶದ ರೋಬೊ ಗ್ರಾಹಕಕ್ಕೆ ತೋರಿಸುತ್ತದೆ. ಎರಡು ಬದಿ ಬ್ರೆಡ್, ನಡುವೆ ಪಲ್ಯ ಇದ್ದಂತೆ. ಅದಕ್ಕೇ ಸಂಶೋಧಕರು ಇದನ್ನು 'ಸ್ಲಿಟ್ ಸ್ಯಾಂಡ್‌ವಿಚ್' ಎಂದು ಕರೆದರು. ಈ ಸಂಕೇತ ಸಿಕ್ಕ ಕೋಶ ಇದ್ದಲ್ಲೇ ನಿಲ್ಲುತ್ತದೆ.

ಪರೀಕ್ಷೆಯೂ ನೇರವಾಗಿತ್ತು. ಸ್ಲಿಟ್-ರೋಬೊ ಸಂಕೇತ ಕೆಟ್ಟಾಗ, ನಿಲ್ಲಬೇಕಾದ ಎದೆಯ ಅಂಗವೂ ಕೆಳಗೆ ಸರಿಯಿತು. ಉದರದಲ್ಲಿ, ಪಕ್ಕದ ಅಂಗಾಂಶದಲ್ಲಿ ಮಾತ್ರ ರೋಬೊ2 ಹೆಚ್ಚಿಸಿದರೂ ಸಾಕು, ಇಳಿಯಬೇಕಾದ ಅಂಗ ಮೇಲೆಯೇ ನಿಂತಿತು. ಸಂವೇದನಾ ಕೋಶದಲ್ಲಿ ಬದಲಾವಣೆ ಮಾಡಿರಲಿಲ್ಲ, ಬದಲಾದದ್ದು ಅದರ ನೆರೆಮನೆ!

ಹಾಗಾದರೆ ಡಿಎನ್‌ಎಗೆ ಕೆಲಸವಿಲ್ಲವೇ?

ಇದೆ. ದೇಹದ ಯಾವ ಭಾಗ ಏನಾಗಬೇಕು ಎಂದು ನಿರ್ಧರಿಸುವ ಹಾಕ್ಸ್ ಜೀನ್‌ಗಳ ವ್ಯವಸ್ಥೆ ಉದರದ ಆ ಅಂಗಾಂಶದಲ್ಲಿ ರೋಬೊ2 ತಯಾರಾಗದಂತೆ ತಡೆಯುತ್ತದೆ ಎಂಬುದು ಇದೇ ಅಧ್ಯಯನದ ವಿವರಣೆ. ಅಂದರೆ ಡಿಎನ್‌ಎಯಲ್ಲಿ ಇರುವುದು ಕೋಶದ ಮನೆ ನಂಬರ್ ಅಲ್ಲ. ಯಾವ ಕೋಶ ಯಾವ ಸಂಕೇತ ಕೊಡಬೇಕು, ಯಾವುದನ್ನು ಕೇಳಿಸಿಕೊಳ್ಳಬೇಕು ಎಂಬ ಸೂಚನೆ. ಊರಿಗೆ ಹೊಸಬರು ದಾರಿ ಕೇಳಿಕೊಂಡು ಮನೆ ಸೇರುವ ಹಾಗೆ, ಕೋಶವೂ ಅಕ್ಕಪಕ್ಕದವರಿಂದ ತಿಳಿದುಕೊಂಡು ಜಾಗ ಸೇರುತ್ತದೆ.

ನೊಣದ ವಿಷಯ ನಮಗೇಕೆ?

ಸ್ಲಿಟ್ ಮತ್ತು ರೋಬೊ ಕುಟುಂಬದ ಜೀನ್‌ಗಳು ಮನುಷ್ಯರಲ್ಲೂ ಇವೆ. ರೋಬೊ3 ಜೀನ್‌ನ ಎರಡೂ ಪ್ರತಿಗಳು ಕೆಟ್ಟ ಮಕ್ಕಳಿಗೆ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಲು ಆಗುವುದಿಲ್ಲ, ಬೆನ್ನುಮೂಳೆ ಬರಬರುತ್ತಾ ಡೊಂಕಾಗುತ್ತದೆ. ಮೆದುಳಿನ ಕೆಲವು ನರತಂತುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟದಿರುವುದೇ ಕಾರಣ. ಈ ಅಪರೂಪದ ಕಾಯಿಲೆಯ ಹಿಂದಿನ ಜೀನ್ ಪತ್ತೆಯಾದದ್ದೂ 2004ರಲ್ಲೇ.

ಹಾಗೆಂದು ನೊಣದ ಸಂಶೋಧನೆಯಿಂದ ಇದಕ್ಕೆ ಔಷಧಿ ಸಿಕ್ಕಿತು ಎಂದು ಯಾರಾದರೂ ಕಳಿಸಿದರೆ ನಂಬಬೇಡಿ. ಸಿಕ್ಕಿರುವುದು ತಿಳಿವಳಿಕೆ. ಎಲ್ಲಿ, ಏಕೆ ದಾರಿ ತಪ್ಪುತ್ತದೆ ಎಂಬ ತಿಳಿವಳಿಕೆ.

ಒಟ್ಟಿನಲ್ಲಿ: 'ಎಲ್ಲವೂ ಡಿಎನ್‌ಎಯಲ್ಲಿ ಬರೆದುಬಿಟ್ಟಿದೆ' ಎಂಬ ಸಂದೇಶ ಅಪೂರ್ಣ. ಡಿಎನ್‌ಎ ಹಣೆಬರಹ ಅಲ್ಲ. ಕೋಶದ ಜಾಗ ತೀರ್ಮಾನವಾಗುವಲ್ಲಿ ಅದರ ನೆರೆಹೊರೆಯವರಿಗೂ ಪಾಲಿದೆ.