ಬಾಣಂತಿ ಪಥ್ಯ ಮತ್ತು ಕಬ್ಬಿಣಾಂಶದ ಲೆಕ್ಕ

2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 47.8, ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 44.8 ಇತ್ತು. ರಾಗಿ, ಸೊಪ್ಪು, ಕಾಳುಗಳನ್ನು ಉಣ್ಣುವ ನಾಡಿನಲ್ಲಿ ಹೀಗೇಕೆ ಎಂಬುದಕ್ಕೆ ಬಡತನವೊಂದೇ ಉತ್ತರವಲ್ಲ. ತಟ್ಟೆಯಲ್ಲಿ ಕಬ್ಬಿಣಾಂಶ ಎಷ್ಟಿದೆ ಎನ್ನುವುದಕ್ಕಿಂತ ಅದರಲ್ಲಿ ರಕ್ತಕ್ಕೆ ಸೇರುವುದೆಷ್ಟು ಎನ್ನುವುದು ಮುಖ್ಯ. ಈ ಲೆಕ್ಕ ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಬಾಣಂತನದಲ್ಲಿ ಎಂಬುದು ಪ್ರಸ್ತುತ ಲೇಖನದ ವಾದ.

ರಾಗಿಯನ್ನೇ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕಗಳಲ್ಲಿ 100 ಗ್ರಾಂ ರಾಗಿಗೆ 364 ಮಿ.ಗ್ರಾಂ ಕ್ಯಾಲ್ಸಿಯಂ, ಸುಮಾರು 4.6 ಮಿ.ಗ್ರಾಂ ಕಬ್ಬಿಣಾಂಶವಿದೆ. ಅದೇ ಸಂಸ್ಥೆ 2020ರಲ್ಲಿ ವಯಸ್ಕ ಮಹಿಳೆಗೆ ನಿಗದಿ ಮಾಡಿದ ದಿನದ ಕಬ್ಬಿಣಾಂಶ 29 ಮಿ.ಗ್ರಾಂ. ರಾಗಿ ಮೂಳೆಗೆ ದೊಡ್ಡ ಆಸರೆ, ರಕ್ತಕ್ಕೆ ಅಷ್ಟಲ್ಲ. ಜಾಹೀರಾತುಗಳು ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತವೆ. ರಾಗಿಯಲ್ಲಿರುವ ಫೈಟೇಟ್ ಮತ್ತು ಪಾಲಿಫಿನಾಲ್‌ಗಳು ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಂಡು ಕರುಳು ಹೀರದಂತೆ ಮಾಡುತ್ತವೆ. ರಾಗಿಯನ್ನು ನೆನೆಸಿ ಮೊಳಕೆ ಬರಿಸಿದರೆ ಕಾಳಿನ ಕಿಣ್ವಗಳು ಫೈಟೇಟನ್ನು ಒಡೆಯುತ್ತವೆ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುವ ಮನೆಯ ಪದ್ಧತಿಯ ಗುಣ ಇರುವುದು ಇಲ್ಲಿ.

ಇನ್ನು ಪಥ್ಯ. ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ, ಮೆಂತ್ಯ, ಸಬ್ಬಸಿಗೆ, ಅಂಟಿನ ಉಂಡೆ, ಉತ್ತರ ಕರ್ನಾಟಕದ ಅಳವಿ ಪಾಯಸ: ಹೆರಿಗೆಯಾದವಳಿಗೆ ಶಕ್ತಿ ಕೊಡಬೇಕೆಂಬ ವಿವೇಕ ಇವುಗಳಲ್ಲಿ ಸ್ಪಷ್ಟವಾಗಿದೆ. ತೊಡಕಿರುವುದು ನಿಷೇಧಗಳಲ್ಲಿ. ಹುಳಿ ನಂಜು, ಹಣ್ಣು ಶೀತ, ಸೊಪ್ಪು ತಿಂದರೆ ಕೂಸಿಗೆ ಹಸಿರು ಭೇದಿ ಎಂಬ ನಂಬಿಕೆಗಳು ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿವೆ. ಸಸ್ಯಮೂಲದ ಕಬ್ಬಿಣಾಂಶ ಹೀರಿಕೆಯಾಗಲು ನೆರವಾಗುವುದು ನಿಂಬೆ, ನೆಲ್ಲಿ, ಸೀಬೆಗಳಲ್ಲಿರುವ ಸಿ ಜೀವಸತ್ವ. ಅದನ್ನು ದೂರವಿಟ್ಟು, ಊಟವಾದ ಕೂಡಲೇ ಬಾಣಂತಿಯ ಕೈಗೆ ಬಿಸಿ ಕಾಫಿ ಕೊಟ್ಟರೆ, ಅವಳು ಉಂಡ ಅಲ್ಪಸ್ವಲ್ಪ ಕಬ್ಬಿಣಾಂಶಕ್ಕೂ ಅಡ್ಡಗೋಡೆ ಕಟ್ಟಿದಂತೆ. ನೀರು ಕುಡಿಯಗೊಡದ ವಾಡಿಕೆಯನ್ನಂತೂ ಯಾವ ದೃಷ್ಟಿಯಿಂದಲೂ ಸಮರ್ಥಿಸಲಾಗದು. ಹಾಲೂಡಿಸುವವಳಿಗೆ ನೀರಿನ ಅಗತ್ಯ ಹೆಚ್ಚುತ್ತದೆ.

ಸೊಪ್ಪಿನ ನಿಷೇಧಕ್ಕೆ ಇನ್ನೊಂದು ಬೆಲೆಯಿದೆ. 1928ರಲ್ಲಿ ಮುಂಬಯಿಗೆ ಬಂದ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್, ಜವಳಿ ಕಾರ್ಮಿಕ ಮಹಿಳೆಯರ ಗರ್ಭಕಾಲದ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಅದರ ಒಂದು ಬಗೆ ಯೀಸ್ಟ್ ಸಾರದಿಂದ ವಾಸಿಯಾಗುತ್ತದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಗುಣಕಾರಿ ಅಂಶ ಫೋಲೇಟ್. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ ಎಲೆಗೆ ಸಂಬಂಧಿಸಿದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲ ಎಂಬ ಹೆಸರು ಬಂತು. ಫೋಲೇಟ್ ಕೊರತೆಯಿಂದಲೂ ರಕ್ತಹೀನತೆ ಬರುತ್ತದೆ ಎಂಬ ಅರಿವಿಗೆ ಹೀಗೆ ದಾರಿ ತೋರಿದವರು ನಮ್ಮ ದೇಶದ ಹೆಣ್ಣುಮಕ್ಕಳೇ.

ಆಹಾರಕ್ಕೆ ಅದರದೇ ಮಿತಿಯಿದೆ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ, ಗರ್ಭಿಣಿಗೆ 11ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಮಟ್ಟ ತೀರಾ ಕುಸಿದಾಗ ಬೀಟ್‌ರೂಟ್ ರಸ, ಖರ್ಜೂರಗಳನ್ನು ನಂಬಿ ಕೂರುವುದು ಅಪಾಯ. 2018ರ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮ ಗರ್ಭಿಣಿಯರಿಗೂ ಬಾಣಂತಿಯರಿಗೂ ತಲಾ 180 ದಿನ ಕಬ್ಬಿಣಾಂಶ–ಫೋಲಿಕ್ ಆಮ್ಲದ ಮಾತ್ರೆಯನ್ನು ಸೂಚಿಸುತ್ತದೆ. ಇದನ್ನು ಕ್ಯಾಲ್ಸಿಯಂ ಮಾತ್ರೆಯೊಂದಿಗಾಗಲಿ, ಹಾಲು ಅಥವಾ ಕಾಫಿಯೊಂದಿಗಾಗಲಿ ನುಂಗಬಾರದು.

ಕರ್ನಾಟಕ 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು, ಚಿಕ್ಕಿಯನ್ನು ಒದಗಿಸುತ್ತದೆ. ಪಟ್ಟಿ ಚೆನ್ನಾಗಿದೆ. ಆದರೆ ಹಸಿ ಬಾಣಂತಿ ಹೊಸಿಲು ದಾಟುವುದಿಲ್ಲ. ಆ ವಾರಗಳಲ್ಲಿ ಅವಳೇನು ಉಣ್ಣಬೇಕೆಂದು ತೀರ್ಮಾನಿಸುವುದು ತಾಯಿ, ಅತ್ತೆ, ಅಜ್ಜಿ. ಪೋಷಣೆಯ ತಿಳಿವಳಿಕೆಯನ್ನು ಗರ್ಭಿಣಿಯ ಆರೋಗ್ಯ ದಾಖಲೆಯಾದ ತಾಯಿ ಕಾರ್ಡ್ ಹಿಡಿದವಳಿಗಷ್ಟೇ ಹೇಳಿ ಮುಗಿಸುವ ನಮ್ಮ ವ್ಯವಸ್ಥೆ ಅಡುಗೆಮನೆಯ ಈ ಹಿರಿಯರನ್ನು ಸಭೆಗೆ ಕರೆಯುವುದು ಅಪರೂಪ.