ಸರಾಸರಿಯಲ್ಲಿ ಅಡಗಿದ ಮೂರು ತಾಲೂಕುಗಳು

ಶಾಲೆಯಲ್ಲಿ ಯಾರು ಹಿಂದುಳಿದಿದ್ದಾರೆ, ಏಕೆ ಹಿಂದುಳಿದಿದ್ದಾರೆ ಎಂಬುದನ್ನು ಎಣಿಸಿ, ಅಳೆದು, ಅದರ ಮೇಲೆ ಹಣ, ಶಿಕ್ಷಕರು, ಊಟ, ಪಾಠಗಳನ್ನು ಹಂಚುವ ಪ್ರಯತ್ನಕ್ಕೆ ಕರ್ನಾಟಕದಲ್ಲಿ ದೀರ್ಘ ಇತಿಹಾಸವಿದೆ. ಯಾದೃಚ್ಛಿಕ ಪ್ರಯೋಗಗಳಿಗೆ 2019ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದ ಮೇಲಂತೂ ಈ ಚರ್ಚೆಯನ್ನು ಅವುಗಳಿಂದಲೇ ಆರಂಭಿಸುವುದು ರೂಢಿಯಾಗಿದೆ. ಅದಕ್ಕೂ ಮೊದಲು ಶಿಕ್ಷಣ ಇಲಾಖೆಗಳು ಕಣ್ಣುಮುಚ್ಚಿ ನಡೆಯುತ್ತಿದ್ದವು ಎಂಬಂತೆ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲೂಕುಗಳಲ್ಲಿ ನಿಂತು ನೋಡಿದರೆ ಹಾಗೆ ಕಾಣುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಕೊರತೆಯಿರಲಿಲ್ಲ. ಲೆಕ್ಕ ತೆಗೆದವರು ಆರಿಸಿಕೊಂಡ ಘಟಕದಲ್ಲಿ ತೊಡಕಿತ್ತು.

1956ರ ತನಕ ಕೊಳ್ಳೇಗಾಲ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಆಗ ಅದರದೇ ಭಾಗ. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರು ಸಂಸ್ಥಾನದ್ದು. 1822ರಲ್ಲಿ ಗವರ್ನರ್ ಥಾಮಸ್ ಮನ್ರೋ ಮದರಾಸು ಪ್ರಾಂತ್ಯದ ಕಲೆಕ್ಟರುಗಳಿಂದ ಶಾಲೆಗಳ ಪಟ್ಟಿ ತರಿಸಿದಾಗ ಮಕ್ಕಳನ್ನು ಜಾತಿವಾರು, ಹೆಣ್ಣು ಗಂಡು ಎಂದು ವಿಂಗಡಿಸಿ ಬರೆಯಲಾಯಿತು. ಮೈಸೂರಿನ ಕಡೆ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. 1918ರ ಮಿಲ್ಲರ್ ಸಮಿತಿ ಸಮುದಾಯವಾರು ಪ್ರಾತಿನಿಧ್ಯದ ಅಂಕಿಗಳನ್ನು ಮುಂದಿಟ್ಟು ವಿದ್ಯಾರ್ಥಿವೇತನ, ನೌಕರಿಗಳ ಪ್ರಶ್ನೆಯನ್ನು ಎತ್ತಿತು. ಮುಂದೆ ಹಿಂದುಳಿದ ವರ್ಗಗಳನ್ನು ಗುರುತಿಸಲು ನೇಮಕಗೊಂಡ ನಾಗನಗೌಡ ಸಮಿತಿ ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಮುದಾಯದ ಸಾವಿರ ಜನಕ್ಕೆ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂದು ಲೆಕ್ಕಹಾಕಿತು. ರಾಜ್ಯದ ಸರಾಸರಿ 6.9. ಆ ಸರಾಸರಿಯ ಆಸುಪಾಸಿನವರನ್ನೆಲ್ಲ ಹಿಂದುಳಿದವರೆನ್ನಲಾಗದು ಎಂದು, ಆ ಲೆಕ್ಕವನ್ನು ಪ್ರಶ್ನಿಸಿದ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1972ರಲ್ಲಿ ನೇಮಕಗೊಂಡ ಹಿಂದುಳಿದ ವರ್ಗಗಳ ಹಾವನೂರು ಆಯೋಗ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನೂ ಮನೆಮನೆಯ ಸಮೀಕ್ಷೆಯನ್ನೂ ಜೋಡಿಸಿ 1975ರಲ್ಲಿ ವರದಿ ಕೊಟ್ಟಿತು. ಇಷ್ಟರಲ್ಲಿ ಜಾತಿಯ ಲೆಕ್ಕ ಹದಕ್ಕೆ ಬಂದಿತ್ತು. ಊರಿನ ಲೆಕ್ಕ ಶುರುವಾಗಿರಲಿಲ್ಲ.

ಊರಿನ ಲೆಕ್ಕವನ್ನು ಗಂಭೀರವಾಗಿ ತೆಗೆದುಕೊಂಡದ್ದು ಡಿ.ಎಂ. ನಂಜುಂಡಪ್ಪ ಸಮಿತಿ. 2002ರ ಅದರ ವರದಿ ತಾಲೂಕನ್ನೇ ಘಟಕವಾಗಿಟ್ಟುಕೊಂಡು 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ವರದಿಯ ಬಲ ಇರುವುದೇ ಇಲ್ಲಿ. ಮುಂದೆ ಎಲ್ಲಕ್ಕಿಂತ ಮೊದಲು ಮರೆತದ್ದೂ ಇದನ್ನೇ. ಇಡೀ ಪ್ರದೇಶವನ್ನೇ ಘಟಕವಾಗಿಸಿದ ಸಂವಿಧಾನದ 371ಜೆ ವಿಧಿಯ ಸೌಲಭ್ಯ ಹೈದರಾಬಾದ್ ಕರ್ನಾಟಕಕ್ಕೆ (ಇಂದಿನ ಕಲ್ಯಾಣ ಕರ್ನಾಟಕ) ದಕ್ಕಿತು, ದಕ್ಕಬೇಕಾದದ್ದೇ. ಆದರೆ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಚಾಮರಾಜನಗರ ಜಿಲ್ಲೆಯದು ಶೇ. 61.43, ಕೆಳಗಿದ್ದವು ಯಾದಗಿರಿ, ರಾಯಚೂರು ಎರಡೇ. ಚಾಮರಾಜನಗರ ‘ಹಳೆ ಮೈಸೂರು’ ಎಂಬ ಹೆಸರಿನಡಿ, ಮೈಸೂರು ವಿಭಾಗದಲ್ಲಿ ದಕ್ಷಿಣ ಕನ್ನಡ, ಉಡುಪಿಗಳ ಪಕ್ಕದಲ್ಲಿ ಕುಳಿತಿದ್ದರಿಂದ ಅದರ ಬಡತನ ಸರಾಸರಿಯೊಳಗೆ ಕರಗಿಹೋಯಿತು.

ತರಗತಿಯ ಒಳಗಿನ ಸಂಶೋಧನೆಗೆ ನಿಜವಾದ ಚಾಲನೆ ಸಿಕ್ಕಿದ್ದು 1995ರಲ್ಲಿ, ಚಾಮರಾಜನಗರವೂ ಸೇರಿದ್ದ ಅಂದಿನ ಅವಿಭಜಿತ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಆಂಧ್ರದ ರಿಷಿವ್ಯಾಲಿಯ ಶಾಲಾ ಪ್ರಯೋಗವನ್ನು ಕಂಡುಬಂದ ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಿಂದ ‘ನಲಿಕಲಿ’ ಕಟ್ಟಿದರು. ಪಠ್ಯಪುಸ್ತಕವನ್ನು ಬಿಡಿಸಿ ಕಾರ್ಡುಗಳಾಗಿಸಿ, ಕಾರ್ಡುಗಳನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲುಗಳನ್ನು ಏಣಿಯಾಗಿ ಜೋಡಿಸಿದರು. ಮಗು ಏಣಿಯ ಮೇಲಿನ ಚಿತ್ರ ನೋಡಿ ತನ್ನ ಕಾರ್ಡು ಹುಡುಕಿಕೊಂಡು ತನ್ನ ಗುಂಪಿಗೆ, ಅಂದರೆ ‘ತಟ್ಟೆ’ಗೆ, ಹೋಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಶಿಕ್ಷಕರ ಪೂರ್ಣ ನೆರವು, ಇನ್ನೊಂದರಲ್ಲಿ ಅರೆ ನೆರವು, ಮತ್ತೆರಡರಲ್ಲಿ ಜೊತೆಗಾರರ ಪೂರ್ಣ ಅಥವಾ ಅರೆ ನೆರವು, ಕೊನೆಯದರಲ್ಲಿ ಸ್ವಕಲಿಕೆ. ಹನೂರಿನ ಕಾಡಂಚಿನಿಂದ ಅಪ್ಪ ಅಮ್ಮನ ಜೊತೆ ಕೊಡಗಿನ ಕಾಫಿ ತೋಟಕ್ಕೆ ಹೋಗಿ ತಿಂಗಳುಗಟ್ಟಲೆ ಕಳೆದು ಬಂದ ಮಗುವಿಗೆ ಈ ಏಣಿಯ ಬೆಲೆ ಗೊತ್ತಾಗುತ್ತದೆ. ಪಾಠ ಮುಂದೆ ಹೋಗಿರುವುದಿಲ್ಲ. ಬಿಟ್ಟ ಕಾರ್ಡು ಬಿಟ್ಟಲ್ಲೇ ಇರುತ್ತದೆ. ಗೈರುಹಾಜರಿಯನ್ನು ಮಗುವಿನ ತಪ್ಪೆಂದು ಎಣಿಸದ ಪಾಠಕ್ರಮ ಅದಕ್ಕೂ ಮೊದಲು ಸರ್ಕಾರಿ ಶಾಲೆಯಲ್ಲಿ ಇರಲಿಲ್ಲ. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಶಿಕ್ಷಕರು ತಾವೇ ಬರೆದ ಕಾರ್ಡು ಹೋಗಿ ಬೆಂಗಳೂರಿನಿಂದ ಅಚ್ಚಾಗಿ ಬಂದ ಕಾರ್ಡಾಯಿತು. ಪ್ರಯೋಗದ ಜೀವ ಅಲ್ಲಿ ಅರ್ಧ ಕುಗ್ಗಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಅಳೆಯುವ ಕೆಲಸ ನಲಿಕಲಿ ಹುಟ್ಟಿದ ಬೆನ್ನಿಗೇ ಬಂತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2002ರಲ್ಲಿ ಈಶಾನ್ಯ ಕರ್ನಾಟಕದಲ್ಲಿ ಕಲಿಕಾ ಖಾತರಿ ಕಾರ್ಯಕ್ರಮ ನಡೆಸಿತು. ಮುಂದೆ ರಾಜ್ಯವೇ ಶಾಲಾ ಗುಣಮಟ್ಟ ಮೌಲ್ಯಾಂಕನ ಸಂಸ್ಥೆಯನ್ನು ಕಟ್ಟಿಕೊಂಡಿತು. 2005ರಿಂದ ‘ಅಸರ್’ ಸಮೀಕ್ಷೆ ಮಗುವಿನ ಮುಂದೆ ಒಂದು ಪುಟ ಹಿಡಿದು ಓದಿಸಿತು. ಇಷ್ಟು ಸರಳ ಪರೀಕ್ಷೆ ದೇಶದ ಗಮನ ಸೆಳೆದದ್ದು ದೊಡ್ಡ ಮಾತು. ಆದರೆ ಅದು ಜಿಲ್ಲೆಗೆ ಆರಿಸುವುದು 30 ಹಳ್ಳಿ, ಹಳ್ಳಿಗೆ 20 ಮನೆ. ಆ 600 ಮನೆಗಳ ಲೆಕ್ಕದಿಂದ ಕಾವೇರಿ ನೀರಿನ ಕೊಳ್ಳೇಗಾಲದ ಬಯಲಿಗೂ ಮಲೆ ಮಹದೇಶ್ವರ ಬೆಟ್ಟದ ಬುಡಕ್ಕೂ ಇರುವ ಅಂತರ ತಿಳಿಯದು. ಸಂಖ್ಯಾಶಾಸ್ತ್ರದ ಮಿತಿಯಿದು, ಯಾರನ್ನೂ ದೂರುವಂತಿಲ್ಲ. ಜಿಲ್ಲೆಯ ಅಂಕಿಯನ್ನು ತಾಲೂಕಿಗೆ ಅಂಟಿಸುವ ಅಭ್ಯಾಸವನ್ನು ಮಾತ್ರ ದೂರಬೇಕು. ಕಂದಾಯ ಇಲಾಖೆ ಹನೂರನ್ನು ತಾಲೂಕು ಮಾಡುವ ಮುಂಚೆಯೇ ಶಿಕ್ಷಣ ಇಲಾಖೆ ಅದನ್ನು ಪ್ರತ್ಯೇಕ ವಲಯವಾಗಿ ಎಣಿಸುತ್ತಿತ್ತು. ಆ ಅಂಕಿಗಳು ಇದ್ದವು; ಕೇಳಿದವರು ಕಡಿಮೆ.

ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ರಾಜ್ಯದ ನಿಯಮದಂತೆ 1ರಿಂದ 5ನೇ ತರಗತಿಗೆ ಒಂದು ಕಿಲೋಮೀಟರಿನೊಳಗೆ, 6ರಿಂದ 8ಕ್ಕೆ ಮೂರು ಕಿಲೋಮೀಟರಿನೊಳಗೆ ಶಾಲೆಯಿರಬೇಕು. ನಕ್ಷೆಯ ಮೇಲಿನ ಮೂರು ಕಿಲೋಮೀಟರು ಕಾಡಿನ ಬುಡಕಟ್ಟಿನವರಾದ ಸೋಲಿಗರ ಪೋಡಿನಿಂದ, ಅಂದರೆ ಹಾಡಿಯಿಂದ, ಇಳಿಯುವಾಗ ಆನೆ ದಾಟುವ ದಾರಿಯಾಗುತ್ತದೆ. ಬೆಳಿಗ್ಗೆ ಮಂಜು ಕರಗುವ ತನಕ ಮಕ್ಕಳನ್ನು ಹೊರಡಿಸುವುದಿಲ್ಲ, ಸಂಜೆ ಕತ್ತಲೆಗೆ ಮುಂಚೆ ಮರಳಬೇಕು. ಶಾಲೆಯ ಗಂಟೆ ಇದನ್ನು ಕೇಳುವುದಿಲ್ಲ. ಮಹದೇಶ್ವರ ಬೆಟ್ಟದ ಕಾಡಿನ ಊರುಗಳಿಗೆ ಕೊನೆಗೆ ಅರಣ್ಯ ಇಲಾಖೆಯೇ ವಾಹನ ಓಡಿಸಬೇಕಾಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶಾಲೆಯೇ ಮಕ್ಕಳ ಬಳಿಗೆ ಹೋಗಬೇಕೆಂಬ ಪಾಠವನ್ನು ಬೇಗ ಕಲಿತಿತ್ತು: ಆಸ್ಪತ್ರೆ ಮತ್ತು ಶಾಲೆ ಒಂದೇ ಅಂಗಳದಲ್ಲಿ. ಶಾಲೆಯಿಂದ ಹೊರಗುಳಿದ ಮಕ್ಕಳ ಸಂಖ್ಯೆಯಲ್ಲೂ ವ್ಯಾಖ್ಯೆಯದೇ ಆಟ. 2013ರಲ್ಲಿ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಈ ವಿಷಯವನ್ನು ಕೈಗೆತ್ತಿಕೊಂಡ ಮೇಲೆ, ಅರವತ್ತು ದಿನದ ಗೈರಿನ ಬದಲು ಏಳು ದಿನದ ಗೈರೇ ಎಚ್ಚರಿಕೆಯ ಗೆರೆಯಾಯಿತು.

ಸಾಕ್ಷ್ಯ ನೇರವಾಗಿ ನೀತಿಯಾದ ಅಪರೂಪದ ನಿದರ್ಶನ ಮೊಟ್ಟೆಯದು. ಮಠಗಳ ವಿರೋಧದ ನಡುವೆ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಬಿಸಿಯೂಟದಲ್ಲಿ ಮೊಟ್ಟೆ ಬಂತು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನು, ತಿನ್ನದ ಗದಗಿನ ಮಕ್ಕಳೊಂದಿಗೆ ತೂಗಿ ನೋಡಿತು. ಯಾದಗಿರಿಯ ಮಕ್ಕಳು, ಅದರಲ್ಲೂ 8ನೇ ತರಗತಿಯ ಹುಡುಗಿಯರು, ಹೆಚ್ಚು ತೂಕ ಪಡೆದಿದ್ದರು. ಮೊಟ್ಟೆ ಇಡೀ ರಾಜ್ಯಕ್ಕೆ ಬಂತು, ಹನೂರಿನ ತಟ್ಟೆಗೂ ಬಿತ್ತು. ತಕ್ಕಡಿಯೊಂದೇ ಸಾಕಾದ ಈ ಅಧ್ಯಯನ ಹಲವು ದುಬಾರಿ ಪ್ರಯೋಗಗಳಿಗಿಂತ ಹೆಚ್ಚು ಮಕ್ಕಳನ್ನು ಮುಟ್ಟಿದೆ. ಕೋವಿಡ್ ಕಾಲದ ಕಲಿಕೆಯ ನಷ್ಟವನ್ನೂ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಐದು ರಾಜ್ಯಗಳ 16,067 ಮಕ್ಕಳಲ್ಲಿ ಅಳೆಯಿತು, ಶೇ. 92ರಷ್ಟು ಮಕ್ಕಳು ಭಾಷೆಯ ಒಂದಾದರೂ ಸಾಮರ್ಥ್ಯ ಕಳೆದುಕೊಂಡಿದ್ದರು. 2022-23ರ ‘ಕಲಿಕಾ ಚೇತರಿಕೆ’ ಆ ಆತಂಕದ ನಡುವೆ ಬಂದ ಕಾರ್ಯಕ್ರಮ.

ಬಹಳ ತೆಳುವಾಗಿ ಉಳಿದಿರುವುದು ಮನೆಮಾತಿನ ಅಧ್ಯಯನ. ಸೋಲಿಗರ ನುಡಿ ಮತ್ತು ಪರಿಸರಜ್ಞಾನದ ಮೇಲೆ ಭಾಷಾವಿಜ್ಞಾನಿ ಆಂಗ್ ಸಿ ಬರೆದ ಪುಸ್ತಕ 2016ರಲ್ಲೇ ಬಂದಿದೆ. ಹಕ್ಕಿ, ಗಿಡ, ಜೇನುಗಳಿಗೆ ಸೋಲಿಗರು ಇಟ್ಟ ಹೆಸರುಗಳು ಪೋಡಿನ ಮಗುವಿನ ಮೊದಲ ಓದಿಗೆ ಸಿದ್ಧಸಾಮಗ್ರಿ. ಅದು ಭಾಷಾವಿಜ್ಞಾನಿಗಳ ಕಪಾಟಿನಲ್ಲಿದೆ. ಮಾರ್ಟಳ್ಳಿಯ ಕಡೆ ತಮಿಳು ಮನೆಮಾತಿನ ಮಕ್ಕಳು, ಒಡೆಯರಪಾಳ್ಯದ ಕಡೆ ಟಿಬೆಟನ್ ಮಕ್ಕಳು ಇದ್ದಾರೆ. ಹನೂರು ತಾಲೂಕೊಂದರಲ್ಲೇ ಇಷ್ಟು ನುಡಿಗಳಿದ್ದರೂ ಕಲಿಕಾ ಫಲಿತಾಂಶದ ಪಟ್ಟಿಗಳಲ್ಲಿ ಮನೆಮಾತಿನ ಕಲಂ ಹುಡುಕಬೇಕು. 2025ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಶಾಲಾ ಶಿಕ್ಷಕರೇ ಮನೆಮನೆಗೆ ಹೋದರು, ಶಾಲೆಗಳ ದಸರಾ ರಜೆಯೂ ಅದಕ್ಕಾಗಿ ಹಿಗ್ಗಿತು. ಎಣಿಸಿದ ಶಿಕ್ಷಕರಿಗೆ ತಮ್ಮ ವಲಯದ, ತಮ್ಮ ಪೋಡಿನ ಅಂಕಿ ಮರಳಿ ಸಿಗಬೇಕು. ಅಂಕಿಗಳನ್ನು ಜಿಲ್ಲೆಗೆ ನಿಲ್ಲಿಸದೆ ಊರುವಾರು ಪ್ರಕಟಿಸುವುದು ಸರ್ಕಾರಕ್ಕೆ ಹೆಚ್ಚು ಖರ್ಚಿನ ಕೆಲಸವಲ್ಲ. ಅದನ್ನು ಮೊದಲು ಮಾಡಲಿ.