ಬಿದಿರು ಕೊಳವೆಯಲ್ಲಿ ಬಂದ ಕವಿತೆಗಳು

ಚೀನಾದ ಹಳೆಯ ಕಾವ್ಯದಲ್ಲಿ ಗೆಳೆತನ ಎಂದಾಗ ಹೆಚ್ಚಿನವರು ಲಿ ಬೈ ಮತ್ತು ದು ಫು ಅವರನ್ನು ನೆನೆಯುತ್ತಾರೆ. ಅವರಿಬ್ಬರು ಭೇಟಿಯಾದದ್ದು ಕ್ರಿ.ಶ. 744ರಲ್ಲಿ. ದು ಫು ಗೆಳೆಯನ ಬಗ್ಗೆ ಬರೆದ ಹತ್ತಕ್ಕೂ ಹೆಚ್ಚು ಕವಿತೆಗಳಿವೆ, ಲಿ ಬೈ ಬರೆದದ್ದು ಎರಡೋ ಮೂರೋ. ನಮಗೆ ಇದಕ್ಕಿಂತ ಮಿಗಿಲಾಗಿ ಕಾಣುವುದು ಅನಂತರದ ಬೈ ಜುಯಿ ಮತ್ತು ಯುವಾನ್ ಝೆನ್ ಅವರ ಸ್ನೇಹ. ಇಲ್ಲಿ ಎರಡೂ ಕಡೆಯ ಮಾತು ಉಳಿದಿದೆ.

ಬೈ ಹುಟ್ಟಿದ್ದು 772ರಲ್ಲಿ. ಯುವಾನ್ ಏಳು ವರ್ಷ ಚಿಕ್ಕವನು. 803ರಲ್ಲಿ ಇಬ್ಬರೂ ಒಂದೇ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ರಾಜಧಾನಿ ಚಾಂಗಾನ್‌ನ ಅರಮನೆ ಗ್ರಂಥಾಲಯದಲ್ಲಿ ಪ್ರತಿ ತಿದ್ದುವ ಕೆಲಸಕ್ಕೆ ಸೇರಿದರು. ಅಂದು ಕವಿ ಎಂದರೆ ಬಹುಪಾಲು ಸರಕಾರಿ ನೌಕರನೇ. ನೌಕರನಿಗೆ ವರ್ಗಾವಣೆ ತಪ್ಪಿದ್ದಲ್ಲ (ನಾವು ಶಿಕ್ಷಕರು, ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!). ಆ ಕಾವ್ಯದಲ್ಲಿ ಬೀಳ್ಕೊಡುಗೆಯ ಕವಿತೆಗಳು ಅಷ್ಟೊಂದು ಇರುವುದಕ್ಕೆ ಇದೂ ಒಂದು ಕಾರಣ.

815 ಇಬ್ಬರಿಗೂ ಕೆಟ್ಟ ವರ್ಷ. ಯುವಾನ್‌ನನ್ನು ದೂರದ ಟೋಂಗ್‌ಜೌಗೆ ಅಟ್ಟಿದರು. ಅಲ್ಲಿ ಅವನು ಚಳಿಜ್ವರದಿಂದ ನರಳಿದ. ಅದೇ ವರ್ಷ ಮಂತ್ರಿ ವು ಯುವಾನ್‌ಹೆಂಗ್ ರಾಜಧಾನಿಯ ಬೀದಿಯಲ್ಲೇ ಕೊಲೆಯಾದಾಗ, ಕೊಲೆಗಾರರನ್ನು ಹಿಡಿಯಿರಿ ಎಂದು ಬೈ ಬಿನ್ನವತ್ತಳೆ ಸಲ್ಲಿಸಿದ. ಅಧಿಕಾರ ಮೀರಿದೆ ಎಂದು ಅವನನ್ನು ಜಿಯಾಂಗ್‌ಜೌಗೆ ಕಳುಹಿಸಿದರು. ಅಲ್ಲಿಂದ ಬೈ ಯುವಾನ್‌ಗೆ ಬರೆದ ಉದ್ದನೆಯ ಪತ್ರ, ಕಾವ್ಯ ಯಾತಕ್ಕೆ ಎಂಬ ವಿಚಾರಕ್ಕೆ ಇಂದಿಗೂ ಓದಬೇಕಾದ ಬರಹ. ಬೈಯ ಪತ್ರ ಬಂದಾಗ ತಾನು ಅತ್ತದ್ದನ್ನೂ ಹೆಂಡತಿ ಮಗಳು ಗಾಬರಿಗೊಂಡದ್ದನ್ನೂ ಯುವಾನ್ ನಾಲ್ಕೇ ಸಾಲಿನ ಕವಿತೆ ಮಾಡಿದ್ದಾನೆ.

819ರಲ್ಲಿ ಯಾಂಗ್ಟ್ಸೆ ನದಿಯಲ್ಲಿ ಒಬ್ಬನ ದೋಣಿ ಮೇಲಕ್ಕೆ, ಇನ್ನೊಬ್ಬನದು ಕೆಳಕ್ಕೆ ಸಾಗುವಾಗ ಯೀಲಿಂಗ್ ಬಳಿ ಆಕಸ್ಮಿಕವಾಗಿ ಭೇಟಿ. ಬೈಯ ತಮ್ಮನೂ ಜತೆಗಿದ್ದ. ಮೂವರೂ ಸುತ್ತಾಡಿದ ಗುಹೆಗೆ ಈಗಲೂ ಮೂವರು ಯಾತ್ರಿಕರ ಗುಹೆ ಎಂದೇ ಹೆಸರು.

ಮುಂದೆ ಬೈ ಹಾಂಗ್‌ಜೌನಲ್ಲಿ, ಯುವಾನ್ 823ರಿಂದ ನೆರೆಯ ಯುವೆಜೌನಲ್ಲಿ ಅಧಿಕಾರಿಗಳಾದರು. ಆಗ ಬಿದಿರು ಕೊಳವೆಯಲ್ಲಿ ಕವಿತೆ ಇಟ್ಟು ಕಳುಹಿಸುವುದು ರೂಢಿಯಾಯಿತು. ಉತ್ತರ ಬರೆಯುವುದೂ ಸುಲಭವಲ್ಲ. ಗೆಳೆಯ ಬಳಸಿದ ಅದೇ ಪ್ರಾಸಪದಗಳನ್ನು ಅದೇ ಕ್ರಮದಲ್ಲಿ ಬಳಸಬೇಕು. ನಮ್ಮ ಹಳೆಗನ್ನಡದಲ್ಲಿ ಪ್ರಾಸ ಎರಡನೆಯ ಅಕ್ಷರಕ್ಕೆ, ಅವರಲ್ಲಿ ಸಾಲಿನ ಕೊನೆಗೆ. ಗೆಳೆಯನ ಕವಿತೆಯನ್ನು ಮನಸ್ಸಿಟ್ಟು ಓದದೆ ಇದು ಸಾಧ್ಯವೇ ಇಲ್ಲ.

ಯುವಾನ್ ನಿಷ್ಕಳಂಕನೇನಲ್ಲ. ನಪುಂಸಕ ಅಧಿಕಾರಿಗಳ ನೆರವಿನಿಂದ ಮೇಲೇರಿದ ಎಂಬ ಅಪವಾದ ಅವನ ಮೇಲಿದೆ. 822ರಲ್ಲಿ ಕೆಲವೇ ತಿಂಗಳು ಮುಖ್ಯಮಂತ್ರಿಯೂ ಆಗಿದ್ದ. ಬೈ ಮಾತ್ರ ಅವನನ್ನು ಬಿಡಲಿಲ್ಲ.

831ರಲ್ಲಿ ಯುವಾನ್ ತೀರಿಕೊಂಡ. ಸಮಾಧಿಲೇಖ ಬರೆದವನು ಬೈ. ಅದಕ್ಕಾಗಿ ಯುವಾನ್ ಮನೆಯವರು ಆರೇಳು ಲಕ್ಷ ತಾಮ್ರದ ನಾಣ್ಯಗಳ ಬೆಲೆಯ ಉಡುಗೊರೆ ಕೊಟ್ಟರು. ಬೈ ಬೇಡವೆಂದ, ಅವರು ಬಿಡಲಿಲ್ಲ. ಕೊನೆಗೆ ಅದನ್ನೆಲ್ಲ ಲುವೋಯಾಂಗ್ ಬಳಿಯ ಶಿಯಾಂಗ್‌ಶಾನ್ ಬೌದ್ಧ ವಿಹಾರದ ಜೀರ್ಣೋದ್ಧಾರಕ್ಕೆ ಕೊಟ್ಟು, ಪುಣ್ಯವೆಲ್ಲ ಯುವಾನ್‌ನದು ಎಂದು ಬರೆದಿಟ್ಟ. ಎಂಟೊಂಬತ್ತು ವರ್ಷಗಳ ಬಳಿಕವೂ ಗೆಳೆಯ ಕನಸಿಗೆ ಬಂದನೆಂದು ಇನ್ನೊಂದು ಕವಿತೆ ಬರೆದ.